ಕಲ್ನಾರೂ ಹಡಗಿನ ಕೆಲಸಗಾರರೂ

ನಮ್ಮ ಚೆನ್ನೈ ಬಂದರಿಗೆ ಬಂದುಹೋಗುವ ಹಡಗುಗಳನ್ನು ನಾವು ಕಡಲತೀರದಿಂದ ನೋಡಿ ಸಂತೋಷಪಡುತ್ತೇವಷ್ಟೆ. ನಗರದ ಉತ್ತರಕ್ಕೆ, ಕಾಟ್ಟುಪಳ್ಳಿಯಲ್ಲಿ, ಹಡಗು ಕಟ್ಟುವ ಕಾರ್ಖಾನೆಯೇ ಇದೆ. ಆದರೆ ಹಡಗಿನ ಒಡಲೊಳಗೆ ದುಡಿಯುವವರನ್ನು ನಾವು ನೆನೆಯುವುದು ಅಪರೂಪ. ಲೋಕದ ನಾನಾ ಬಂದರುಗಳಲ್ಲಿ ಅಂಥವರನ್ನು ಕಾಡಿದ ಒಂದು ಖನಿಜದ ವಿಚಾರವನ್ನು ಇಲ್ಲಿ ತಿಳಿಯೋಣ.

ಅದೇ ಕಲ್ನಾರು, ಎಂದರೆ ಆಸ್ಬೆಸ್ಟಾಸ್. ಕಲ್ಲಾಗಿದ್ದೂ ನಾರಿನಂತೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುವುದರಿಂದ ಈ ಹೆಸರು. ನಗರದ ಎಷ್ಟೋ ಮನೆಗಳ ಮೇಲಿರುವ ಬೂದುಬಣ್ಣದ ಶೀಟಿನಲ್ಲಿ ಸಿಮೆಂಟಿನೊಡನೆ ಬೆರೆತಿರುವುದೂ ಇದೇ. ಇದು ಉರಿಯದು, ಕಾವನ್ನು ಹಾಯಗೊಡದು, ಬೆಲೆಯೂ ಅಗ್ಗ. ಆದಕಾರಣ ಹಿಂದೆ ಹಡಗಿನ ಬಾಯ್ಲರುಗಳಿಗೂ ಉಗಿಕೊಳವೆಗಳಿಗೂ ಇದನ್ನೇ ಹೊದಿಸುತ್ತಿದ್ದರು.

ಕೇಡಿರುವುದು ಧೂಳಿನಲ್ಲಿ. ಹಳೆಯ ಹೊದಿಕೆಯನ್ನು ಕಿತ್ತಾಗ ಕೂದಲಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದವುಗಳಲ್ಲಿ ಅನೇಕವು ಅಲ್ಲಿಯೇ ನೆಲಸುತ್ತವೆ. ದೇಹವು ಅವನ್ನು ಕರಗಿಸಲಾರದು. ಕ್ರಮೇಣ ಶ್ವಾಸಕೋಶ ಗಡುಸಾಗಿ ಉಸಿರು ಕುಂದುತ್ತದೆ. ಕೆಲವರಿಗೆ ಶ್ವಾಸಕೋಶದಲ್ಲಿಯೋ ಅದರ ಪೊರೆಯಲ್ಲಿಯೋ ಕ್ಯಾನ್ಸರ್ ಹುಟ್ಟುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಮಡಿ ಹೆಚ್ಚು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗು ಕಾರ್ಖಾನೆಗಳಲ್ಲಿ ದುಡಿದ ಅನೇಕರಿಗೆ ರೋಗ ತಲೆದೋರಿದ್ದು ದಶಕಗಳು ಕಳೆದ ಮೇಲೆ. ಕೊಳವೆಗೆ ಹೊದಿಕೆ ಹಾಕಿದವನಿಗೆ ಮಾತ್ರವೇ ಅಲ್ಲ, ಅದೇ ಇಕ್ಕಟ್ಟಿನಲ್ಲಿ ಬೆಸುಗೆ ಹಾಕುತ್ತಿದ್ದವನಿಗೂ ಅದು ಬಂದಿತು. ಇನ್ನೂ ಮರುಕದ ಸಂಗತಿಯೊಂದುಂಟು. ಕಲ್ನಾರಿನ ಕೆಲಸಗಾರರ ಬಟ್ಟೆಗಳನ್ನು ಮನೆಯಲ್ಲಿ ಕೊಡವಿ ಒಗೆದ ಹೆಂಗಸರೂ ರೋಗಕ್ಕೆ ತುತ್ತಾದುದನ್ನು 1965ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದರು.

ಇಪ್ಪತ್ತು ನಲವತ್ತು ವರ್ಷಗಳ ತರುವಾಯ ಬರುವ ರೋಗಕ್ಕೆ ಎಂದೋ ಮಾಡಿದ ಕೆಲಸವೇ ಕಾರಣವೆಂದು ಮುದುಕನಾದ ಕೂಲಿಕಾರನು ತೋರಿಸುವುದು ಹೇಗೆ? ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಈ ತೊಡಕನ್ನು ಕಂಡಿತು. ಕಲ್ನಾರಿನ ಉದ್ಯಮಗಳು ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಸೇರಿದಂದಿನಿಂದ 40 ವರ್ಷ, ಇಲ್ಲವೆ ಬಿಟ್ಟ ಮೇಲೆ 15 ವರ್ಷ, ಯಾವುದು ದೀರ್ಘವೋ ಅಷ್ಟು ಕಾಲ ಕಾಪಾಡಬೇಕೆಂದು 1995ರ ಜನವರಿ 27ರಂದು ವಿಧಿಸಿತು. ಒಂದು ಕಾಗದಕ್ಕೆ ಇಷ್ಟು ಬೆಲೆಯುಂಟೆಂದು ನಾವು ಎಣಿಸಿರಲಿಲ್ಲ.

ಹಡಗುಗಳಲ್ಲಿ ಹೊಸದಾಗಿ ಕಲ್ನಾರನ್ನು ಬಳಸುವುದು ಅಂತರರಾಷ್ಟ್ರೀಯ ನಿಯಮದಂತೆ 2011ರಿಂದ ಪೂರ್ಣವಾಗಿ ನಿಷಿದ್ಧ. ಆದರೆ ಹಳೆಯ ಹಡಗು ದುರಸ್ತಿಗೋ ಒಡೆಯುವುದಕ್ಕೋ ಬಂದರೆ ಹೊದಿಕೆಯೂ ಅದರೊಡನೆಯೇ ಬರುತ್ತದೆ. ಅದನ್ನು ಕೀಳುವ ಮುನ್ನ ನೀರಿನಿಂದ ಚೆನ್ನಾಗಿ ನೆನೆಸಬೇಕು. ಸಾಧಾರಣ ಬಟ್ಟೆ ಕಟ್ಟಿದರೆ ಸಾಲದು, ಇದಕ್ಕೆಂದೇ ಮಾಡಿದ ಮುಖವಾಡ ಬೇಕು. ಸಂಜೆ ಮೈತೊಳೆದು, ಕೆಲಸದ ಉಡುಪನ್ನು ಅಲ್ಲಿಯೇ ಬಿಟ್ಟು, ಬೇರೆ ಬಟ್ಟೆ ತೊಟ್ಟು ಮನೆಗೆ ಹೋಗಬೇಕು.