ರೈಲು ಏಕೆ ನಿಂತಿತು?
ಮಕ್ಕಳೇ, ಡೋಣಿಯ ಹುಡುಗನೊಬ್ಬ ಜಾತ್ರೆಯಲ್ಲಿ ಕೊಂಡ ಆಟಿಕೆ ರೈಲನ್ನು ತಂದು, "ಸರ್, ಮೋಟಾರ್ ಸುಟ್ಟೈತ್ರಿ" ಎಂದ. ಹೊಸ ಸೆಲ್ ಹಾಕಿದರೂ ಅದು ಅಲುಗಲಿಲ್ಲ. ಆದರೆ ಸುಟ್ಟ ವಾಸನೆ ಇರಲಿಲ್ಲವಲ್ಲ!

ಆ 1.5 ವೋಲ್ಟ್ ಸೆಲ್ಲನ್ನು ಎರಡು ತಂತಿಗಳಿಂದ ನೇರವಾಗಿ ಮೋಟಾರಿಗೆ ಜೋಡಿಸಿದೆವು. ಗಿರ್ರನೆ ತಿರುಗಿತು! ಅಂದರೆ ಎರಡೂ ಸರಿ. ವಿದ್ಯುನ್ಮಂಡಲ ನಡುವೆ ಎಲ್ಲೋ ಕಡಿದಿದೆ. ಹುಡುಕಿದಾಗ ಸೆಲ್ ಕೂರುವ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಂಡಿತು. ಹಳೆಯ ಸೆಲ್ ಒಳಗೇ ಉಳಿದು ಸೋರಿತ್ತು. ಈ ಪುಡಿ ವಿದ್ಯುತ್ತನ್ನು ತಡೆಯುತ್ತದೆ, ಚರ್ಮವನ್ನೂ ಸುಡಬಹುದು, ಬರಿಗೈಯಿಂದ ಮುಟ್ಟಬೇಡಿ. ಬಟ್ಟೆಯಿಂದ ಒರೆಸಿ, ಲೋಹ ಹೊಳೆಯುವಂತೆ ಮರಳು ಕಾಗದದಿಂದ ಉಜ್ಜಿದೆವು.

ರೈಲು ಓಡಿತು, ಆದರೆ ಹಿಂದಕ್ಕೆ! ಅವಸರದಲ್ಲಿ ಸೆಲ್ಲನ್ನು ತಿರುಗಿಸಿ ಹಾಕಿದ್ದೆವು. ಧನ, ಋಣ ತುದಿಗಳು ಅದಲುಬದಲಾದರೆ ಇಂಥ ಮೋಟಾರ್ ತಿರುಗುವ ದಿಕ್ಕೂ ಬದಲಾಗುತ್ತದೆ. ಮನೆಯ 230 ವೋಲ್ಟ್ ಪ್ಲಗ್ಗಿನಲ್ಲಿ ಮಾತ್ರ ಇಂಥ ಪರೀಕ್ಷೆ ಎಂದೂ ಬೇಡ.