ದೊಡ್ಡಮ್ಮನ ತಲೆನೋವು ಮತ್ತು 23 ಡಿಬಿಎಂ

ನಮ್ಮ ದೊಡ್ಡಮ್ಮನ ಮನೆ ತೀರ್ಥಹಳ್ಳಿ ಹತ್ತಿರ. ಫೋನ್ ಕಿವಿಗೆ ಹಿಡಿದು ಐದು ನಿಮಿಷ ಮಾತಾಡಿದ್ರೆ ಅವರಿಗೆ ಕಿವಿ ಹಿಂದೆ ಉರಿ, ಆಮೇಲೆ ತಲೆನೋವು, ರಾತ್ರಿ ನಿದ್ದೆ ಇಲ್ಲ. ದಸರಾ ರಜೆಯಲ್ಲಿ ಇದನ್ನು ಹೇಳಿದಾಗ ನಾನು ಎಂಜಿನಿಯರಿಂಗ್ ಓದೋ ಜೋರಲ್ಲಿ "ಅದೆಲ್ಲ ನಿಮ್ಮ ಭ್ರಮೆ ದೊಡ್ಡಮ್ಮ" ಅಂದುಬಿಟ್ಟೆ. ಅವರು ಸುಮ್ಮನಾದರು. ಆಮೇಲೆ ಎರಡು ತಿಂಗಳು ನನಗೆ ಫೋನೇ ಮಾಡಲಿಲ್ಲ.

ಬೇಜಾರಾಗಿ ಕೂತು ಓದಿದೆ. ಈ ತೊಂದರೆಗೆ ಎಲೆಕ್ಟ್ರೋಸೆನ್ಸಿಟಿವಿಟಿ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದರ ಬಗ್ಗೆ ಹೇಳಿದೆ: ನೋವು ನಿಜ, ಆದರೆ ಅದಕ್ಕೆ ವಿದ್ಯುತ್ಕಾಂತೀಯ ತರಂಗಗಳೇ ಕಾರಣ ಅನ್ನೋದಕ್ಕೆ ಆಧಾರ ಇಲ್ಲ. ಸಿಗ್ನಲ್ ಆನ್ ಇದೆಯೋ ಆಫ್ ಇದೆಯೋ ಯಾರಿಗೂ ಹೇಳದೆ ಮಾಡಿದ 46 ಪ್ರಯೋಗಗಳನ್ನು 2010ರಲ್ಲಿ ಒಟ್ಟಿಗೆ ಪರಿಶೀಲಿಸಿದ್ದಾರೆ. ಸಿಗ್ನಲ್ ಇರುವುದನ್ನು ಇವರು ಗುರುತಿಸಬಲ್ಲರು ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ಸುಳ್ಳು ಸಿಗ್ನಲ್‌ಗೂ ಎಷ್ಟೋ ಜನರಿಗೆ ತಲೆನೋವು ಬಂತು, ನಿಜವಾಗಿಯೇ ಬಂತು. ನನ್ನ "ಭ್ರಮೆ" ಅನ್ನೋ ಮಾತು ತಪ್ಪಾಗಿದ್ದು ಇಲ್ಲೇ.

ಸರಿ, ಕಾರಣ ಏನೇ ಇರಲಿ, ತರಂಗ ಕಡಿಮೆ ಆದರೆ ಅವರಿಗೆ ಸಮಾಧಾನ ಅಂದ್ರೆ ಕಡಿಮೆ ಮಾಡೋದು ಕಷ್ಟ ಅಲ್ಲ. ಆ ಊರಲ್ಲಿ ಎಲ್ಲರೂ ಹೆದರೋದು ಟವರ್‌ಗೆ. ಆದರೆ ತಲೆಗೆ ಅಂಟಿಕೊಂಡಿರೋ ಟ್ರಾನ್ಸ್‌ಮಿಟರ್ ಫೋನೇ. 4ಜಿ ಫೋನಿನ ಗರಿಷ್ಠ ಪವರ್ 23 ಡಿಬಿಎಂ, ಅಂದ್ರೆ 200 ಮಿಲಿವ್ಯಾಟ್. ಸಿಗ್ನಲ್ ಚೆನ್ನಾಗಿದ್ದರೆ ನೆಟ್‌ವರ್ಕೇ ಫೋನಿಗೆ "ಮೆಲ್ಲಗೆ ಮಾತಾಡು" ಅನ್ನುತ್ತೆ, ಪವರ್ ಸಾವಿರದಲ್ಲಿ ಒಂದು ಪಾಲಿಗೂ ಇಳಿಯಬಹುದು. ದೊಡ್ಡಮ್ಮನ ಮನೆಯದು ದಪ್ಪ ಮಣ್ಣಿನ ಗೋಡೆ, ಅಡುಗೆಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್. ಅಲ್ಲಿ ಫೋನ್ ಕಿರುಚಲೇಬೇಕು. ಅಂದ್ರೆ ಟವರ್ ದೂರ ಇದ್ದಷ್ಟೂ ಕಿವಿ ಹತ್ತಿರದ ಪವರ್ ಜಾಸ್ತಿ! ಕೀಪ್ಯಾಡ್ ಫೋನ್ ಸೇಫ್ ಅನ್ನೋದೂ ಹಾಗೇ. 900 ಮೆಗಾಹರ್ಟ್ಸ್ 2ಜಿ ಕರೆಯಲ್ಲಿ ಪವರ್ 2 ವ್ಯಾಟ್‌ವರೆಗೆ ಹೋಗುತ್ತೆ. ಎಂಟರಲ್ಲಿ ಒಂದು ಸ್ಲಾಟ್ ಮಾತ್ರ ಬಳಸೋದರಿಂದ ಸರಾಸರಿ 0.25 ವ್ಯಾಟ್.

ಇನ್ನೊಂದು ದೂರ. ಫೀಲ್ಡ್ಸ್ ಪೇಪರ್‌ನಲ್ಲಿ ಬರೆಯೋ ಹಾಗೆ ದೂರ ಎರಡರಷ್ಟಾದರೆ ಪವರ್ ಡೆನ್ಸಿಟಿ ಕಾಲು ಭಾಗ. ಆಂಟೆನಾಗೆ ತೀರಾ ಹತ್ತಿರ ಈ ಲೆಕ್ಕ ಸರಿಯಾಗಿ ಕೂರಲ್ಲ, ಆದರೂ ಫೋನನ್ನು ಒಂದು ಗೇಣು ದೂರ ಇಟ್ಟರೆ ತುಂಬಾ ವ್ಯತ್ಯಾಸ. ಹಾಗಾಗಿ ಸ್ಪೀಕರ್, ಇಲ್ಲಾ ವೈರ್ ಇರೋ ಇಯರ್‌ಫೋನ್. ಬ್ಲೂಟೂತ್ ಕೂಡ ಪರವಾಗಿಲ್ಲ, ಕ್ಲಾಸ್ 2 ಆದರೆ 2.5 ಮಿಲಿವ್ಯಾಟ್ ಅಷ್ಟೇ. ರಾತ್ರಿ ಏರೋಪ್ಲೇನ್ ಮೋಡ್.

ರೇಡಿಯೇಶನ್ ತಡೆಯೋ ಸ್ಟಿಕ್ಕರ್ ಮಾತ್ರ ಬೇಡ. ಅದು ಆಂಟೆನಾವನ್ನು ನಿಜಕ್ಕೂ ಮುಚ್ಚಿದರೆ ಫೋನ್ ಇನ್ನೂ ಜೋರಾಗಿ ಕಿರುಚುತ್ತೆ, ಮುಚ್ಚದಿದ್ದರೆ ದುಡ್ಡು ದಂಡ. ಎಸ್‌ಎಆರ್ ನೋಡಬೇಕಾದರೆ ಬಹಳಷ್ಟು ಫೋನ್‌ಗಳಲ್ಲಿ ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿ. ನಮ್ಮಲ್ಲಿ 2012ರಿಂದ ಮಿತಿ ಕಿಲೋಗೆ 1.6 ವ್ಯಾಟ್. ಆದರೆ ಅದು ಪೂರ್ತಿ ಪವರ್‌ನಲ್ಲಿ ಅಳೆದದ್ದು. 0.9ರ ಫೋನ್ ಬಿಟ್ಟು 0.7ರದ್ದು ಕೊಳ್ಳೋದಕ್ಕಿಂತ ಅಡುಗೆಮನೆಯಿಂದ ಜಗಲಿಗೆ ಬರೋದು ವಾಸಿ.

ಹೋದ ತಿಂಗಳು ಊರಿಗೆ ಹೋಗಿ ಇಯರ್‌ಫೋನ್ ಕೊಟ್ಟೆ, ಕ್ಷಮೆನೂ ಕೇಳಿದೆ. ಮೂರು ಕಡ್ಡಿ ಸಿಗ್ನಲ್ ಬರೋ ಜಗಲಿ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿದ್ದೀವಿ. ಉರಿ ಕಡಿಮೆ ಆಗಿದೆಯಂತೆ, ತಲೆನೋವು ಪೂರ್ತಿ ಹೋಗಿಲ್ಲ. ಬೇರೆ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿಸಿ ಅಂತ ಆ 2005ರ ವರದಿಯಲ್ಲೂ ಇದೆ. "ಇದನ್ನೆಲ್ಲ ಫೋನ್ ತಲೆಗೆ ಕಟ್ಟಿ ಸುಮ್ಮನಿರಬೇಡಿ" ಅಂದೆ. ಮುಂದಿನ ವಾರ ಬಿಪಿ, ಕಣ್ಣು ಎರಡೂ ತೋರಿಸೋಕೆ ಶಿವಮೊಗ್ಗಕ್ಕೆ ಹೋಗ್ತಿದ್ದೀವಿ.