ಫಾಂಟ್ ಇಳಿಸಿಕೊಳ್ಳುವ ಮುನ್ನ

ಮಗಳೇ, ಕರೋಲ್ ಬಾಗ್‌ನ ಮನೆಯಲ್ಲೇ ವಿನೈಲ್ ಕತ್ತರಿಸುವ ಯಂತ್ರ ಇಟ್ಟುಕೊಂಡು ಕೆಲಸ ಶುರು ಮಾಡಿದ್ದೀಯ ಎಂದು ಕೇಳಿ ತುಂಬಾ ಸಂತೋಷವಾಯಿತು. ನಾಮಕರಣಕ್ಕೆ ಹೆಸರಿನ ಫಲಕ, ಗೃಹಪ್ರವೇಶಕ್ಕೆ ಬಾಗಿಲ ಬರಹ, ನವೆಂಬರ್ ಬಂದರೆ ರಾಜ್ಯೋತ್ಸವದ ಬ್ಯಾನರ್, ದೆಹಲಿಯ ಕನ್ನಡದ ಮನೆಗಳಿಗೆ ಇವೆಲ್ಲ ಬೇಕೇ ಬೇಕು. ಚೆಂದದ ಕನ್ನಡ ಫಾಂಟ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಆದರೆ ಚೆಂದ ನೋಡುವ ಮೊದಲು ಅದು ಯೂನಿಕೋಡ್ ಫಾಂಟ್ ಹೌದೋ ಅಲ್ಲವೋ ನೋಡು.

ನಮ್ಮ ಕಾಲದ ನುಡಿ, 1998ರಲ್ಲಿ ಬಂದ ಬರಹ, ಪುಣೆಯವರ ಶ್ರೀಲಿಪಿ, ಈ ತಂತ್ರಾಂಶಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿ ಕೆಲಸ ನಡೆಸಿದವು. ಆಗ ಬೇರೆ ಸುಲಭದ ದಾರಿ ಇರಲಿಲ್ಲ. ಅವು ಇಲ್ಲದಿದ್ದರೆ ನಮ್ಮ ಪತ್ರಿಕೆ, ಪುಸ್ತಕ, ಕಚೇರಿಯ ಕಾಗದ ಯಾವುದೂ ಕಂಪ್ಯೂಟರಿಗೆ ಬರುತ್ತಿರಲಿಲ್ಲ, ಆ ಋಣ ದೊಡ್ಡದು. ತೊಂದರೆ ಎಲ್ಲಿ ಅಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಅದರದೇ ಜಾಗವಿದೆ. ಅಲ್ಲಿ ಬರೆದ ‘ಕ’ ಬೆಂಗಳೂರಿನಲ್ಲೂ ‘ಕ’, ದೆಹಲಿಯಲ್ಲೂ ‘ಕ’. ನೀನು ಹಾಕಿದ ಫಾಂಟ್ ಅವರಲ್ಲಿ ಇಲ್ಲದಿದ್ದರೂ ಹಳೆಯ ವಿಂಡೋಸ್‌ನ ತುಂಗಾ ಅಥವಾ ಈಗಿನ ವಿಂಡೋಸ್ ಜೊತೆಗೇ ಬರುವ ನಿರ್ಮಲಾದಲ್ಲಿ ಓದಲು ಬರುತ್ತದೆ. ನುಡಿ, ಬರಹಗಳಲ್ಲೂ ಈಗ ಯೂನಿಕೋಡ್ ಇದೆ, ಟೈಪ್ ಮಾಡುವಾಗ ಅದನ್ನೇ ಆರಿಸಿಕೋ. ಯಾರಾದರೂ ಹಳೆಯ ನುಡಿ ಕಡತ ಕಳಿಸಿದರೆ ಪರಿವರ್ತಕದಲ್ಲಿ ಹಾಕಿ ಬದಲಿಸು. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದು, ಒತ್ತಕ್ಷರ ಅರ್ಕಾವತ್ತುಗಳು ಅಲ್ಲಲ್ಲಿ ಕೈಕೊಡುತ್ತವೆ.

ದೆಹಲಿಯ ಫ್ಲೆಕ್ಸ್ ಅಂಗಡಿಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಿಂದಿಯ ಕೃತಿದೇವ್ ಫಾಂಟಿನ ಕಥೆಯೂ ಇದೇ. ‘ಕೃತಿದೇವ್ ಇದ್ದಹಾಗೆ’ ಅಂದರೆ ತಕ್ಷಣ ತಿಳಿಯುತ್ತದೆ. ಆದರೆ ಅವರ ಕಂಪ್ಯೂಟರಿನಲ್ಲಿ ನಿನ್ನ ಕನ್ನಡ ಫಾಂಟ್ ಇರುತ್ತದೆ ಎಂದು ನಂಬಿಕೊಂಡು ಹೋಗಬೇಡ.

ಇನ್ನು ಇಳಿಸಿಕೊಳ್ಳುವ ವಿಚಾರ. ಗೂಗಲ್ ಫಾಂಟ್ಸ್‌ಗೆ ಹೋಗು, ಭಾಷೆಯಲ್ಲಿ ಕನ್ನಡ ಆರಿಸು. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಹುಬ್ಬಳ್ಳಿ ಎಲ್ಲ ಸಿಗುತ್ತವೆ. ಮುಂಬೈನ ಏಕ್ ಟೈಪ್‌ನವರು ಮಾಡಿದ ಬಾಲೂ ತಮ್ಮ ಮತ್ತು ಅನೇಕ್ ಕನ್ನಡವೂ ಅಲ್ಲೇ ಇವೆ. ಇವು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬಂದವು. ಇವುಗಳಲ್ಲಿ ಫಲಕ ಮಾಡಿ ಮಾರಬಹುದು, ಯಾರಿಗೂ ಹಣ ಕೊಡಬೇಕಿಲ್ಲ, ಬರೀ ಫಾಂಟನ್ನೇ ಮಾರಾಟಕ್ಕಿಡುವ ಹಾಗಿಲ್ಲ ಅಷ್ಟೆ. ಬೇರೆ ಕಡೆ ‘ಉಚಿತ’ ಎಂದು ಸಿಗುವ ಎಷ್ಟೋ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ಮನೆಯ ಬಾಗಿಲಿಗೆ ಅಂಟಿಸಿಕೊಂಡರೆ ಸರಿ, ಗಿರಾಕಿಗೆ ಮಾರಿದರೆ ತಪ್ಪು. ಒಂದು ಲಿಪಿಗೆ ನೂರಾರು ಒತ್ತಕ್ಷರ ಕೂಡಿಸಿ ಬರೆದವರ ದುಡಿಮೆ ಅದು ಮಗಳೇ, ಬೆಲೆ ಇಟ್ಟಿದ್ದರೆ ಬೆಲೆ ಕೊಟ್ಟೇ ತೆಗೆದುಕೋ. ಇನ್ನೊಂದು ಮಾತು: ಫಾಂಟ್ ಕಡತ ಟಿಟಿಎಫ್ ಅಥವಾ ಓಟಿಎಫ್ ಎಂದು ಮುಗಿಯಬೇಕು, ಇಲ್ಲವೇ ಅವುಗಳ ಜಿಪ್ ಆಗಿರಬೇಕು. ಗೊತ್ತಿಲ್ಲದ ಜಾಲತಾಣದಲ್ಲಿ ಫಾಂಟ್ ಕೇಳಿದರೆ ಇಎಕ್ಸ್‌ಇ ಇಳಿದು ಬಂತೆಂದರೆ ತೆರೆಯದೆ ಅಳಿಸಿಬಿಡು.

ಜಿಪ್ ಬಿಚ್ಚು. ಒಳಗಿನ ಫಾಂಟಿನ ಮೇಲೆ ಬಲ ಕ್ಲಿಕ್ ಮಾಡಿದರೆ ‘ಇನ್‌ಸ್ಟಾಲ್’ ಎಂದೂ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದೂ ಎರಡು ಆಯ್ಕೆಗಳಿರುತ್ತವೆ. ಎರಡನೆಯದನ್ನೇ ಒತ್ತು. ಮೊದಲನೆಯದು ನಿನ್ನ ಖಾತೆಗೆ ಮಾತ್ರ ಸೇರಿಸುತ್ತದೆ, ಕೆಲವು ಹಳೆಯ ತಂತ್ರಾಂಶಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆಮೇಲೆ ವರ್ಡ್ ಆಗಲಿ, ಕತ್ತರಿಸುವ ತಂತ್ರಾಂಶವಾಗಲಿ ಪೂರ್ತಿ ಮುಚ್ಚಿ ಮತ್ತೆ ತೆರೆ.

ಕ್ರಿಕಟ್‌ನ ಡಿಸೈನ್ ಸ್ಪೇಸ್ ಥರದ ತಂತ್ರಾಂಶದಲ್ಲಿ ಫಾಂಟಿನ ಹೆಸರು ಕಂಡ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಳ್ಳಬೇಡ. ‘ಸ್ತ್ರೀ, ಜ್ಞಾನ, ಕಾರ್ತಿಕ, ಲಕ್ಷ್ಮಿ, ವೈಷ್ಣವಿ’ ಎಂದು ಒಂದು ಸಾಲು ಹೊಡೆದು ನೋಡು. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತರೆ, ‘ರ್ತಿ’ ಒಡೆದು ‘ರ್’ ಬೇರೆ ‘ತಿ’ ಬೇರೆ ಆದರೆ ದೋಷ ಫಾಂಟಿನದಲ್ಲದೆ ತಂತ್ರಾಂಶದ್ದೂ ಇರಬಹುದು. ಅದರ ಜೊತೆ ಗುದ್ದಾಡಬೇಡ. ಇಂಕ್‌ಸ್ಕೇಪ್ ಉಚಿತವಾಗಿ ಸಿಗುತ್ತದೆ. ಅಲ್ಲಿ ಹೆಸರು ಬರೆದು, ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರವನ್ನು ಗೆರೆಯಾಗಿಸು. ಆಮೇಲೆ ಒಂದರ ಮೇಲೊಂದು ಬಿದ್ದ ಭಾಗಗಳನ್ನು ‘ಯೂನಿಯನ್’ ಮಾಡಿ ಎಸ್‌ವಿಜಿಯಾಗಿ ಉಳಿಸಿಕೋ. ಯೂನಿಯನ್ ಬಿಟ್ಟರೆ ಬ್ಲೇಡು ಗೆರೆಗಳು ಸೇರುವ ಜಾಗದಲ್ಲೂ ಕುಯ್ದು ಅಕ್ಷರ ಚೂರಾಗುತ್ತದೆ.

ಕತ್ತರಿಸುವಾಗ ಕನ್ನಡಕ್ಕೆ ಅದರದೇ ಪಾಡು ಇದೆ. ‘ಲಕ್ಷ್ಮಿ’ಯ ಮ-ಒತ್ತು ಮೇಲಿನ ಅಕ್ಷರಕ್ಕೆ ತಾಗದೆ ಬೇರೆ ತುಂಡಾಗಿ ಬರಬಹುದು, ಟ್ರಾನ್ಸ್‌ಫರ್ ಟೇಪಿನಲ್ಲಿ ಎತ್ತುವಾಗ ಅದೇ ಮೊದಲು ಕಳಚುವುದು. ‘ಠ’, ‘ಥ’ಗಳ ಹೊಟ್ಟೆಯ ಚುಕ್ಕೆಯೂ ಹಾಗೆಯೇ. ಸ್ಟೆನ್ಸಿಲ್ ಮಾಡಿದರೆ ಆ ಚುಕ್ಕೆಯ ಸುತ್ತಲಿನ ಹೊಟ್ಟೆಯ ಭಾಗವೇ ಉದುರಿಹೋಗುತ್ತದೆ, ಸಣ್ಣ ಸೇತುವೆ ಎಳೆದು ಉಳಿಸಿಕೊಳ್ಳಬೇಕು. ಮರದಲ್ಲೋ ಅಕ್ರಿಲಿಕ್‌ನಲ್ಲೋ ಹೆಸರು ಒಂದೇ ತುಂಡಾಗಿ ಬರಬೇಕಾದರೆ ಒತ್ತನ್ನು ಸ್ವಲ್ಪ ಮೇಲೆತ್ತಿ ಅಕ್ಷರಕ್ಕೆ ತಾಗಿಸು, ಓದಲು ಕೆಡದಷ್ಟೇ ಮಾಡು. ಹೆಸರು ಚಿಕ್ಕದಾಗಿದ್ದಷ್ಟೂ ದಪ್ಪ ಫಾಂಟ್ ಬೇಕು. ತೆಳ್ಳಗಿನವು ಪರದೆಯಲ್ಲಿ ಮುದ್ದಾಗಿ ಕಾಣುತ್ತವೆ, ವಿನೈಲಿನಲ್ಲಿ ಹರಿಯುತ್ತವೆ. ನನ್ನನ್ನು ಕೇಳಿದರೆ ಶುರುವಿಗೆ ಬಾಲೂ ತಮ್ಮಕ್ಕಿಂತ ಒಳ್ಳೆಯದು ಬೇಡ.

ವರ್ಡ್ ಕೆಲಸಕ್ಕೆ ಇಷ್ಟೇ ಸಾಕು. ಆಮಂತ್ರಣವನ್ನು ಯಾರಾದರೂ ತಿದ್ದಬೇಕಿದ್ದರೆ ಆಪ್ಷನ್ಸ್‌ನ ‘ಸೇವ್’ ವಿಭಾಗದಲ್ಲಿ ಫಾಂಟನ್ನು ಕಡತದೊಳಗೇ ಸೇರಿಸುವ ಗುರುತು ಹಾಕಿ ಕಳಿಸು. ಬರೀ ಮುದ್ರಣಕ್ಕಾದರೆ ಪಿಡಿಎಫ್ ಕೊಡು. ಲಗ್ನಪತ್ರಿಕೆ ಅಚ್ಚು ಹಾಕಿಸಲು ರಾಜೀವ್ ಚೌಕದಲ್ಲಿ ಮೆಟ್ರೋ ಬದಲಿಸಿ ಚಾವಡಿ ಬಜಾರ್‌ಗೆ ಹೋಗುತ್ತೀಯಲ್ಲ, ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಇರಲಿ, ಅಕ್ಷರಗಳನ್ನು ಗೆರೆಯಾಗಿಸಿದ ಇನ್ನೊಂದು ಪ್ರತಿಯೂ ಇರಲಿ. ಅಲ್ಲಿ ಕನ್ನಡ ಓದಬಲ್ಲವರು ಸಿಗುವುದು ಅಪರೂಪ, ತಪ್ಪು ಹಿಡಿಯುವವಳು ನೀನೊಬ್ಬಳೇ. ಅಚ್ಚಿನ ಮಾದರಿ ಹಾಳೆ ಕೈಗೆ ಬಂದಾಗ ಅವಸರ ಮಾಡದೆ, ಅವರ ಎದುರೇ ನಿಂತು ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡು. ಹೆಸರಿನ ಫಲಕವಾದರೆ ಬ್ಲೇಡು ಇಳಿಸುವ ಮೊದಲು ಮಗುವಿನ ಮನೆಯವರಿಗೆ ಚಿತ್ರ ಕಳಿಸು, ಅವರು ಓದಿ ‘ಸರಿ’ ಎಂದ ಮೇಲೆ ಕತ್ತರಿಸು.